ಸುಣ್ಣದ ಡಬ್ಬಿಯ ಮೇಲೆ ಬಿಗಿದ ಪಟ್ಟಿ

ಕೈಗವಸಿನ ತುದಿಯಲ್ಲಿ ಹಸಿರು ದೀಪ ಹೊತ್ತಿಕೊಂಡಿತು. ದಾಖಲೆ ಶುರುವಾಗಿತ್ತು.

2048ರ ಮಾರ್ಚಿನ ಉರಿಬಿಸಿಲು. ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ತೊಡೆ ಸೀಳಿ ಬಿದ್ದಿದ್ದ ಕೆಲಸಗಾರನ ಪಕ್ಕ ಆಂಬುಲೆನ್ಸಿನ ಸಿಂಚನಾ ಮೊಣಕಾಲೂರಿದಳು. ತೊಡೆಯ ಮೇಲ್ಭಾಗಕ್ಕೆ ರಕ್ತ ನಿಲ್ಲಿಸುವ ಪಟ್ಟಿ ಸುತ್ತಿ, ಕಡ್ಡಿ ತಿರುವಿ ಬಿಗಿದಳು. ರಕ್ತ ನಿಲ್ಲಲಿಲ್ಲ. ಇನ್ನೂ ಒಂದು ಸುತ್ತು ತಿರುವಿದಳು. ಆಗಲೂ ನಿಲ್ಲಲಿಲ್ಲ.

"ತಂಗಿ, ಕಿಸೇದಾಗ ನೋಡವಾ!" ಡ್ರೈವರ್ ಮೌಲಾಸಾಬ ಕೂಗಿದ.

ಪ್ಯಾಂಟಿನ ಕಿಸೆಯಲ್ಲಿ ಸುಣ್ಣದ ಡಬ್ಬಿ ಇತ್ತು. ಪಟ್ಟಿ ಬಿಗಿದದ್ದು ಡಬ್ಬಿಯನ್ನು, ತೊಡೆಯನ್ನಲ್ಲ. ಬಟ್ಟೆ ಕತ್ತರಿಸಿ ಮತ್ತೆ ಕಟ್ಟುವಷ್ಟರಲ್ಲಿ ಎರಡು ನಿಮಿಷದ ರಕ್ತ ಮಣ್ಣು ಸೇರಿತ್ತು.

ವಿಜ್ಞಾನಿ ಡಾ. ವಸುಂಧರಾ ರೂಪಿಸಿದ, ಸಿಂಚನಾ ತೊಟ್ಟಿದ್ದ ಆ ಗವಸಿನ ನೂಲುಗಳು ಕೈಯ ಒತ್ತಡ, ಓರೆ, ವೇಗ ಎಲ್ಲವನ್ನೂ ನೆನಪಿಡುತ್ತವೆ. ಆ ದಾಖಲೆ ತುಂಬಿದ ಗವಸನ್ನು ತೊಟ್ಟ ಕಲಿಯುವವರ ಕೈಗೂ ಅದೇ ಅನುಭವವಾಗುತ್ತದೆ. ಆದರೆ ದಾಖಲೆಯಾದ ಒಂದು ಗಂಟೆಯೊಳಗೆ, ಅದನ್ನು ಮಾಡಿದವರೇ ಅಳಿಸಬಹುದು. ಅಳಿಸದಿದ್ದರೆ ಹೆಸರಿನ ಸಮೇತ ಉಳಿಯುತ್ತದೆ.

ಗಾಯಾಳು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದ್ದ. ದಾಖಲೆ ಅಳಿಸಲು ಇನ್ನು ಹನ್ನೆರಡು ನಿಮಿಷ ಉಳಿದಿತ್ತು. ತರಬೇತುದಾರರ ಹುದ್ದೆಗೆ ಸಿಂಚನಾಳ ಸಂದರ್ಶನ ನಾಳೆಯೇ ಇತ್ತು. ಆಸ್ಪತ್ರೆಯ ಅಂಗಳದಲ್ಲಿ ಗಾಡಿಯ ಪಕ್ಕ ನಿಂತು ಅವಳು ಸ್ಪೀಕರ್ ಹಾಕಿ ವಸುಂಧರಾಗೆ ಫೋನ್ ಮಾಡಿ ಆದದ್ದನ್ನು ಹೇಳಿದಳು.

"ಮೇಡಂ, ಇಂಥಾ ತಪ್ಪು ಮೊದಲ ಯಾರರ ಮಾಡ್ಯಾರೇನ್ರಿ?"

"ಮೂರು ವರ್ಷದಾಗ ನಲವತ್ತು ಸಾವಿರ ದಾಖಲೆ ಬಂದಾವವ್ವಾ. ಒಂದ್ರಾಗೂ ತಪ್ಪಿಲ್ಲ."

"ಅಂದ್ರ ಯಾರೂ ತಪ್ಪ ಮಾಡೇ ಇಲ್ಲ?"

"ಅಳಿಸೋ ಗುಂಡಿ ಇಟ್ಟಾಕಿ ನಾನ. ಅದಿಲ್ಲದಿದ್ರ ಯಾರೂ ಗವಸು ತೊಡ್ತಿರಲಿಲ್ಲ." ವಿಜ್ಞಾನಿಯ ದನಿ ಕುಗ್ಗಿತು. "ನನ್ನ ಗವಸು ಕಲಿಸೂದು ಬರೇ ತಪ್ಪ ಮಾಡದ ಶಾಣ್ಯಾರ ಕೈಕೆಲಸ."

ಸಿಂಚನಾಳ ಹೆಬ್ಬೆರಳು ಗುಂಡಿಯ ಮೇಲಿತ್ತು.

"ಅಳಿಸಿ ಬಿಡ ತಂಗಿ," ಮೌಲಾಸಾಬ ಮೆಲ್ಲಗೆ ಹೇಳಿದ. "ನೋಡಿದಾಂವ ನಾ ಒಬ್ಬನ. ನಾ ಯಾರ ಮುಂದ ಹೇಳ್ಲಿ?"

"ಕಾಕಾ, ಕಿಸೆ ನೋಡಬೇಕಂತ ನಿನಗ ಹೆಂಗ ಹೊಳೀತು?"

ಮೌಲಾಸಾಬ ಟೈರಿಗಂಟಿದ ಕೆಂಪು ಮಣ್ಣನ್ನು ಕಾಲಿನಿಂದ ಕೆರೆದ.

"ಇಪ್ಪತ್ತಾರನೇ ಇಸವಿ. ಹಿಂಗ ಒಂದು ಡಬ್ಬಿ ಮ್ಯಾಲ ಪಟ್ಟಿ ಕಟ್ಟಿದ್ರು. ಆ ಮನಿಷ್ಯಾ ದಾರ್‍ಯಾಗ ತೀರಕೊಂಡ. ಗಾಡ್ಯಾಗಿನ ಮಾತು ಗಾಡ್ಯಾಗ ಇರಲಿ ಅಂದ್ರು ನಮ್ಮ ಸಾಹೇಬ್ರು. ನಾನೂ ಹೊಟ್ಟ್ಯಾಗ ಇಟಗೊಂಡೆ."

"ಇಪ್ಪತ್ತೆರಡು ವರ್ಷ?" ಸಿಂಚನಾ ಅವನ ಕಡೆ ತಿರುಗಿದಳು. "ಏಳು ವರ್ಷ ನನ್ನ ಬಾಜೂಕ ಕುಂತಿ ಕಾಕಾ. ಒಂದ ಮಾತು ಅಂದಿದ್ರ ಇವತ್ತ ನಾ ಮೊದಲ ಕಿಸೆ ಮುಟ್ಟತಿದ್ನಿ."

ಅವಳು ಹೆಬ್ಬೆರಳು ತೆಗೆದಳು. ಹನ್ನೆರಡು ನಿಮಿಷ ಮುಗಿದು ಹಸಿರು ದೀಪ ನೀಲಿಯಾಯಿತು. ಇನ್ನು ಅಳಿಸಲಾಗದು. ಅಷ್ಟರಲ್ಲಿ ನರ್ಸ್ ಹೊರಬಂದು, ಜೀವಕ್ಕೆ ಅಪಾಯವಿಲ್ಲ, ಕಾಲಿನ ಬಗ್ಗೆ ಈಗಲೇ ಹೇಳಲಾಗದು ಎಂದಳು.

ಮೌಲಾಸಾಬ ಇನ್ನೂ ಚಾಲೂ ಇದ್ದ ಫೋನಿನ ಕಡೆ ಬಾಗಿದ. "ಮೇಡಂರ, ಹಳೇ ಮಾತೂ ಆ ಗವಸಿನ್ಯಾಗ ಹಾಕಾಕ ಬರ್ತೈತೇನ್ರಿ?"

ಫೋನಿನಲ್ಲಿ ವಸುಂಧರಾಳ ದನಿ ಕೇಳಿಸಿತು.

"ಬಾಯಿ ಬಿಟ್ಟು ಹೇಳಿದ್ರ ಸಾಕು, ಅದಕ್ಕ ಗವಸು ಬೇಕಿಲ್ಲ ಸಾಬರ. ಅವತ್ತೂ ಬೇಕಿರಲಿಲ್ಲ."