ಶನಿವಾರದ ಸುಳ್ಳು

೧೫೫೩ನೇ ಇಸವಿ ಜುಲೈ ೮, ಶನಿವಾರ ಬೆಳಿಗ್ಗೆ. ಇಂಗ್ಲೆಂಡಿನ ಗ್ರೀನಿಚ್ ಊರಿನ ಕಾನ್‌ಸ್ಟೇಬಲ್ ಹ್ಯೂ ಟ್ರಾಂಟರ್ ಗಂಜಿಗೆ ಬಾಯಿಡುವ ಹೊತ್ತಿಗೆ ಹೆಂಡದಂಗಡಿಯ ಮಾರ್ಜರಿ ಬಂದು ಬಾಗಿಲು ಬಡಿದಳು.

“ಅರಮನೆ ಬಟ್ಟೆ ಒಗೀತಾಳಲ್ಲ ಸಿಬಿಲ್, ಅವಳು ದೊರೆಗೆ ವಿಷ ಹಾಕಿದಾಳೆ. ಬರ್ಕೋ.”

“ಯಾರು ಹೇಳಿದ್ದು?”

“ಅವಳ ಬಾಯೇ! ಅಂಗಡೀಲಿ ಎಲ್ಲರೂ ಲೋಟ ಎತ್ತಿ ‘ದೇವರು ದೊರೇನ ಕಾಪಾಡಲಿ’ ಅಂದ್ರೆ, ಇವಳು ‘ಅವನ ಆತ್ಮಕ್ಕೆ ಶಾಂತಿ ಸಿಗಲಿ’ ಅಂದ್ಳು. ಬದುಕಿರೋರಿಗೆ ಯಾರಾದ್ರೂ ಹಾಗಂತಾರಾ?”

ಹದಿನೈದರ ಹುಡುಗ ಎಡ್ವರ್ಡ್ ದೊರೆ ಊರಿನ ಅರಮನೆಯಲ್ಲೇ ತಿಂಗಳುಗಟ್ಟಲೆಯಿಂದ ಹಾಸಿಗೆ ಹಿಡಿದಿರುವುದು ಊರಿಗೆಲ್ಲ ಗೊತ್ತು. ಆದರೆ ದೊರೆಯ ಸಾವನ್ನು ಬಾಯಲ್ಲಿ ಆಡುವುದಿರಲಿ, ಮನಸ್ಸಲ್ಲಿ ನೆನೆದರೂ ರಾಜದ್ರೋಹ. ಸಾಲದ್ದಕ್ಕೆ, ಸತ್ತವರಿಗಾಗಿ ಪ್ರಾರ್ಥಿಸುವುದನ್ನು ದೊರೆಯ ಹೊಸ ಪ್ರಾಟೆಸ್ಟಂಟ್ ಮತ ಹಳೆಯ ಪಾದ್ರಿಗಳ ಜೊತೆಗೇ ಓಡಿಸಿತ್ತು. ಒಂದೇ ಮಾತಿನಲ್ಲಿ ಎರಡು ಅಪರಾಧ. ಅದನ್ನು ಕೇಳಿಸಿಕೊಂಡ ತನ್ನ ಗತಿಯೇನು ಎಂದು ಟ್ರಾಂಟರನಿಗೆ ದಿಗಿಲಾಯಿತು.

ನ್ಯಾಯಾಧಿಕಾರಿ ಕೆಟಲ್‌ವೆಲ್ ಅವನ ದೂರನ್ನು ಅರ್ಧ ಕೇಳಿಯೇ ಎದ್ದು ಕಿಟಕಿ ಮುಚ್ಚಿದರು. “ವಿಷ ಸಿಗಬೇಕು ಕಣಯ್ಯಾ. ಸಿಗದಿದ್ರೆ ಆ ಮಾತೊಂದೇ ಉಳಿಯುತ್ತೆ. ಅದು ನನ್ನ ಮೇಜಿನ ಮೇಲೆ ಇರಬಾರದು.”

ಇಬ್ಬರು ನೆರೆಯವರನ್ನು ಪಂಚರನ್ನಾಗಿ ಕರೆದುಕೊಂಡು ಟ್ರಾಂಟರ್ ನದಿ ದಂಡೆಯಲ್ಲಿದ್ದ ಸಿಬಿಲ್ ಮನೆಯನ್ನು ಶೋಧಿಸಿದ. ಬೂದಿನೀರಿನ ತೊಟ್ಟಿಯ ಹಿಂದೆ ಒಂದು ಮಡಕೆ. ಅದರೊಳಗೆ ನೆನೆಹಾಕಿದ್ದ ಅರಮನೆಯ ಕರವಸ್ತ್ರಗಳು, ಕಪ್ಪು ಹಸಿರು ಕಲೆ, ಕೊಳೆತ ವಾಸನೆ. ಪಂಚರು ಮೂಗು ಮುಚ್ಚಿಕೊಂಡರು. ಮಡಕೆಯ ನೀರನ್ನು ಕೋಳಿಗೆ ಕುಡಿಸಿ ಕಾದದ್ದಾಯಿತು. ಕೋಳಿ ಕುಡಿದು, ಮೈ ಕೊಡವಿ, ಟ್ರಾಂಟರನ ಬೂಟು ಕುಕ್ಕಿತು. ಮಹಜರಿನಲ್ಲಿ ‘ಕೋಳಿ ಬದುಕಿದೆ’ ಎಂದೇ ಬರೆಯಬೇಕಾಯಿತು.

ಪಂಚರನ್ನು ಹೊರಗೆ ಕಳಿಸಿ ಅವನು ಸಿಬಿಲ್ ಎದುರು ಕೂತ.

“ಏನಕ್ಕಾ ಇದು?”

“ಕಫ ಕಣಪ್ಪಾ. ಎದೆ ಒಳಗೇ ಕೊಳೆತು ಬಂದಿದ್ದು.”

“ಏನೂ ಹಾಕಲಿಲ್ವಾ ಯಾರೂ?”

“ಯಾರೂ ಇಲ್ಲ. ಹೋದ ವರ್ಷ ದಡಾರ ಎದ್ದಿತ್ತು. ಚಳಿಗಾಲದಲ್ಲಿ ಶೀತ ಹಿಡೀತು, ಆಮೇಲೆ ಕೆಮ್ಮು ಬಿಡಲೇ ಇಲ್ಲ. ನನ್ನ ಮಗ ನಿಕೋಲಸ್ಸೂ ಹೀಗೇ ಸವೆದುಹೋದ.”

“ದೊರೆ… ಹಾಗಾದ್ರು ಅಂತ ಹೇಗೆ ಗೊತ್ತು?” ಆ ಪದ ಅವನ ನಾಲಿಗೆಗೆ ಬರಲಿಲ್ಲ.

“ಗುರುವಾರ ಸಂಜೆಯಿಂದ ಕರವಸ್ತ್ರ ಬರ್ತಿಲ್ಲ. ಕೆಮ್ಮೋನು ಇದ್ರೆ ತಾನೇ?”

ಟ್ರಾಂಟರ್ ಲೇಖನಿ ಕೆಳಗಿಟ್ಟ. “ಅಕ್ಕಾ, ಬಾಯಿತಪ್ಪಿ ಬಂತು ಅಂದ್ಬಿಡು. ಕೈ ಮುಗೀತೀನಿ. ನೇಣಾಗುತ್ತೆ.”

“ತಪ್ಪಿ ಬರಲಿಲ್ಲ ಹ್ಯೂ. ನನ್ನ ಮಗನ ಗುಂಡಿ ಮುಂದೆ ಇದೇ ಮಾತು ಹೇಳೋಕೆ ಹೋದೆ. ಪಾದ್ರಿ ಕಣ್ಣು ಬಿಟ್ರು. ಹೆದರಿ ಬಾಯಿ ಮುಚ್ಕೊಂಡೆ. ಈ ಮಗು ಸತ್ತಿದೆ ಅಂತಲೇ ಯಾರೂ ಹೇಳ್ತಿಲ್ಲ, ಇನ್ನು ಶಾಂತಿ ಸಿಗಲಿ ಅಂತ ಯಾರು ಅಂತಾರೆ?”

ದೊರೆ ಸತ್ತರೆಂದು ಸುಳ್ಳು ಹಬ್ಬಿಸಿದ ಆರೋಪದ ಮೇಲೆ ಅಂದೇ ಮಧ್ಯಾಹ್ನ ಅವಳನ್ನು ಬಂಧಿಸಲಾಯಿತು.

ಸೋಮವಾರ ಕಹಳೆ ಊದಿ ಸಾರಿದರು: ದೊರೆ ತೀರಿಕೊಂಡಿದ್ದಾರೆ, ಹೊಸ ರಾಣಿ ಬಂದಿದ್ದಾರೆ. ಟ್ರಾಂಟರ್ ಏದುಸಿರು ಬಿಡುತ್ತ ಕೆಟಲ್‌ವೆಲ್ ಮನೆಗೆ ಓಡಿದ.

“ಸ್ವಾಮಿ, ಅವಳು ಹೇಳಿದ್ದು ನಿಜ. ಬಿಟ್ಟುಬಿಡೋಣ.”

“ಶನಿವಾರ ಅದು ಸುಳ್ಳಾಗಿತ್ತು,” ಎಂದರು ಕೆಟಲ್‌ವೆಲ್. “ನಿಜ ಅಂತ ಬರೆದ್ರೆ, ಸತ್ತವರಿಗೆ ಪ್ರಾರ್ಥನೆ ಮಾಡಿದಳು ಅಂತಾಗುತ್ತೆ. ಸುಮ್ನೆ ಹೋಗು.”

ಅವನು ಸೆರೆಮನೆಗೆ ಹೋಗಿ ಸರಳಿನಾಚೆಗೆ ಸುದ್ದಿ ಹೇಳಿದ. ಸಿಬಿಲ್ ತಲೆಯಾಡಿಸಿದಳು.

“ನೀನಾದ್ರೂ ಅಂದ್ಯಾ, ಶಾಂತಿ ಸಿಗಲಿ ಅಂತ?”

ಟ್ರಾಂಟರ್ ಹೇಳಲೆಂದೇ ಬಾಯಿ ತೆರೆದ. ಅಷ್ಟರಲ್ಲಿ ಬೆನ್ನ ಹಿಂದೆ ಕಾವಲುಗಾರನ ಹೆಜ್ಜೆ ಸಪ್ಪಳ ಬಂದು ನಿಂತಿತು.

“ದೇವರು ರಾಣೀನ ಕಾಪಾಡಲಿ,” ಎಂದ ಟ್ರಾಂಟರ್, ಜೋರಾಗಿ.