ಅರ್ಧರ್ಧ ಪಾಸ್‌ವರ್ಡ್

"ಕಣ್ಣು ಮುಚ್ಕೋ," ಎಂದ.

ಮುಚ್ಚಿಕೊಂಡೆ. ಪೂರ್ತಿ ಅಲ್ಲ. ಪ್ರೂಫ್ ನೋಡುವವಳ ಕಣ್ಣು ಪೂರ್ತಿ ಮುಚ್ಚುವುದಿಲ್ಲ.

ಊಟದ ಹೊತ್ತು. ಪ್ರೆಸ್ಸಿನ ಯಂತ್ರಗಳೆಲ್ಲ ನಿಂತಿದ್ದವು. ಅವುಗಳನ್ನು ನಡೆಸುವ ಮಾಸ್ಟರ್ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಕೀಬೋರ್ಡಿನ ಮೇಲೆ ಬಾಗಿದ್ದ. ಉಗುರಿನ ಸಂದಿಯಲ್ಲಿ ನೀಲಿ ಶಾಯಿ.

ನಮ್ಮ ಫೋಟೊಗಳು, ಅವನ ವಾಯ್ಸ್ ಮೆಸೇಜುಗಳು ಎಲ್ಲವೂ ಎಲ್ಲೋ ದೂರದ ಸರ್ವರ್‌ನಲ್ಲಿದ್ದವು. ನನ್ನ ಫೋನನ್ನು ನಮ್ಮಣ್ಣ ಆಗಾಗ ಜಾಲಾಡುತ್ತಿದ್ದ, ಅದಕ್ಕೇ ಈ ಉಪಾಯ. ಬೀಗ ಬೀಳುವುದು ಇಲ್ಲೇ, ಈ ಕಂಪ್ಯೂಟರಿನಲ್ಲೇ. ಅಲ್ಲಿಗೆ ಹೋಗುವುದು ಯಾರೂ ಓದಲಾಗದ ಅಕ್ಷರಗಳ ರಾಶಿ. ಇಟ್ಟುಕೊಂಡ ಕಂಪನಿಯವರಿಗೂ ಒಳಗೇನಿದೆಯೆಂದು ತಿಳಿಯದು.

ಪಾಸ್‌ವರ್ಡಿನ ಮೊದಲರ್ಧ ನನ್ನದು, ಉಳಿದದ್ದು ಅವನದು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. "ಜಗಳ ಆದ್ರೂ ಫೋಟೊ ನೋಡೋಕೆ ಒಟ್ಟಿಗೆ ಕೂರ್ಲೇಬೇಕಲ್ಲ," ಎಂದು ನಕ್ಕಿದ್ದ. ಮರೆತರೆ ಬೇರೆ ಕೀ ಯಾರ ಬಳಿಯೂ ಇಲ್ಲ ಎಂಬ ಎಚ್ಚರಿಕೆಯನ್ನು ನಾನು ಓದಿದ್ದೆ. ನಂಬಿರಲಿಲ್ಲ.

ಇವತ್ತು ಕೊನೆಯ ಸಲ ನೋಡಿ ಅಳಿಸಿಬಿಡುವುದೆಂದು ಮಾತಾಗಿತ್ತು. ತೀರಿಕೊಂಡ ತನ್ನಣ್ಣನ ಹೆಂಡತಿಯನ್ನು ಅವನು ನಾಳೆ ಮದುವೆಯಾಗುತ್ತಿದ್ದ. ಮನೆಯವರು ಕೇಳಿದರು, ಒಪ್ಪಿದ. ಅಣ್ಣನ ಪುಟ್ಟ ಮಗಳು ಅವನ ಕುತ್ತಿಗೆ ಬಿಟ್ಟು ಇಳಿಯುತ್ತಲೇ ಇರಲಿಲ್ಲವಂತೆ. ನಾನು ಯಾರನ್ನು ದೂರಲಿ?

ನನ್ನರ್ಧ ಆಗಲೇ ಹಾಕಿದ್ದೆ. ಅವನು ಟೈಪ್ ಮಾಡಿದ. ತಪ್ಪು ಪಾಸ್‌ವರ್ಡ್ ಎಂದು ಬಂತು. ಮತ್ತೆ ಇಬ್ಬರೂ ಹಾಕಿದೆವು. ತಪ್ಪು.

"ಮರೆತೋಯ್ತು ಕಣೇ."

"ಸುಳ್ಳು. ಕೊನೆಗೆ ನಿನ್ನ ಕಿರುಬೆರಳು ಮೇಲಿನ ಸಾಲಿಗೆ ಹೋಗುತ್ತೆ. ಇವತ್ತು ಎದ್ದೇ ಇಲ್ಲ."

"ಕಳ್ಳಿ! ಇಷ್ಟು ದಿನ ಕದ್ದು ನೋಡ್ತಿದ್ಯಾ?"

"ಬೆರಳನ್ನ ನೋಡ್ತಿದ್ದೆ ಕಣೋ. ಅಕ್ಷರಾನಲ್ಲ."

ನಕ್ಕ. ನಗು ತುಟಿಯಲ್ಲೇ ಬಾಡಿತು.

"ತೆರೆದು ನಿನ್ನ ಮುಖ ನೋಡಿದ್ರೆ ನಾಳೆ ಮಂಟಪದಲ್ಲಿ ನಿಲ್ಲೋಕಾಗಲ್ಲ ನಂಗೆ."

"ಇಲ್ಲೇ ಕೂತಿದೀನಿ. ನನ್ನ ಮುಖ ನೋಡೋಕೂ ಪಾಸ್‌ವರ್ಡ್ ಬೇಕಾ?"

"ಫೋಟೊದಲ್ಲಿ ನಗ್ತಿದೀಯ."

ಕಿಟಕಿಯತ್ತ ತಿರುಗಿದೆ. ಅತ್ತಲೇ ನೋಡುತ್ತ ಕೇಳಿದೆ, "ನನ್ನರ್ಧ ಹೇಳ್ಲಾ? ಯಾವಾಗಾದ್ರೂ ಬೇಕನ್ಸಿದ್ರೆ..."

"ಬೇಡ. ಆ ಮನೇಲಿ ಕೂತು ದಿನಾ ತೆರೀತೀನಿ. ಅತ್ತಿಗೆಗೆ ಮೋಸ ಆಗುತ್ತೆ. ಪಾಪ, ಅವರೇನ್ ಮಾಡಿದಾರೆ?"

ನಾಳೆ ಹೆಂಡತಿಯಾಗುವವರನ್ನು ಇನ್ನೂ ಅತ್ತಿಗೆ ಎನ್ನುತ್ತಿದ್ದ.

"ಹಾಗಾದ್ರೆ ಅಳಿಸು. ಅದಕ್ಕೆ ಪಾಸ್‌ವರ್ಡ್ ಬೇಕಿಲ್ಲ."

ಮೌಸನ್ನು ನನ್ನ ಕಡೆ ಸರಿಸಿದ. ನಾನು ಅವನ ಕಡೆ ಸರಿಸಿದೆ. ಇಬ್ಬರಿಗೂ ಮನಸ್ಸು ಬರಲಿಲ್ಲ.

"ನಿನ್ನರ್ಧದಲ್ಲಿ ನಾನಿದ್ನಾ?" ಎಂದ.

"ಅರ್ಧವೆಲ್ಲ ನೀನೇ."

"ನನ್ನರ್ಧದಲ್ಲೂ..."

"ಹೇಳ್ಬೇಡ. ನಾನೂ ದಿನಾ ತೆರೀತೀನಿ."

ಹೊರಗೆ ಯಾರೋ ಮಾಸ್ಟರನ್ನು ಕರೆದರು. ಎದ್ದು ಬಾಗಿಲವರೆಗೆ ಹೋದ. ಅಷ್ಟರಲ್ಲಿ ಕೆಲಸದ ಹುಡುಗರು ಚಾಲೂ ಮಾಡಿದ ದೊಡ್ಡ ಯಂತ್ರಕ್ಕೆ ಗೋಡೆಗಳು ಅದುರತೊಡಗಿದವು. ಆ ಗದ್ದಲದಲ್ಲಿ ನನಗೆ ಧೈರ್ಯ ಬಂತು.

"ಹೋಗ್ಬೇಡ," ಎಂದೆ.

ಏನಂದೆ ಎಂಬಂತೆ ತಿರುಗಿ ಕಿವಿಗೆ ಕೈಯಿಟ್ಟ.

ಏನೂ ಇಲ್ಲವೆಂದು ತಲೆಯಾಡಿಸಿದೆ.