ಪಕ್ಕದ ನಕ್ಷತ್ರದ ಸಾಕ್ಷಿ

“ಒಂದೇ ಒಂದು ಸಲ ‘ಹೌದು’ ಅನ್ನು ಚಿಕ್ಕಮ್ಮಾ! ನಿನ್ನ ಗಂಟೇನು ಹೋಗುತ್ತೆ?”

ಊಟದ ಮೇಜಿನ ಮೇಲೆ ತಟ್ಟೆಯ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಚಿಕ್ಕಮ್ಮ ತಲೆ ಎತ್ತಲಿಲ್ಲ. “ಅನ್ನೋದು ಸುಲಭ ಕಣೇ ರೇಡಿಯೋ. ಅಂದಮೇಲೆ ವಾಪಸ್ ನುಂಗೋದು ಕಷ್ಟ.”

ರೇಡಿಯೋ ಎಂಬುದು ಮನೆಯವರು ಇಟ್ಟು, ಶಾಲೆಗೂ ಹಬ್ಬಿದ ಅಡ್ಡಹೆಸರು. ಹುಡುಗಿ ಐದನೇ ಕ್ಲಾಸು. ಅವಳ ಕಿವಿಗೆ ಬಿದ್ದ ಯಾವ ಸುದ್ದಿಯೂ ಇದುವರೆಗೆ ಅವಳ ಹೊಟ್ಟೆಯಲ್ಲಿ ಒಂದು ರಾತ್ರಿ ಕಳೆದದ್ದಿಲ್ಲ.

ಈ ಸಲದ ಸುದ್ದಿ ದೊಡ್ಡದು. ಚಿಕ್ಕಮ್ಮ ಖಗೋಳ ವಿಜ್ಞಾನಿ. ನೆಪ್ಚೂನ್ ಗ್ರಹವನ್ನೂ ದಾಟಿ, ಸೂರ್ಯನಿಂದ ಬಹಳ ದೂರದಲ್ಲಿ, ಕುಬ್ಜಗ್ರಹಗಳೆಂಬ ಪುಟ್ಟ ಲೋಕಗಳು ಸುತ್ತುತ್ತವೆ. ಅದರಲ್ಲೊಂದು ಎಷ್ಟು ಮಂಕೆಂದರೆ ಅದಕ್ಕಿನ್ನೂ ಹೆಸರೇ ಇಲ್ಲ, ಬರೀ ನಂಬರು. ಅದರ ಮೈಮೇಲೆ ಮೀಥೇನ್ ಹಿಮ ಇದೆಯೇ ಎಂದು ನೋಡಲು, ದೊಡ್ಡ ಟೆಲಿಸ್ಕೋಪಿನ ಸರದಿಗಾಗಿ ಚಿಕ್ಕಮ್ಮ ಎರಡು ವರ್ಷ ಕಾದಿದ್ದಳು. ಮೀಥೇನ್ ನಮ್ಮಲ್ಲಿ ಗಾಳಿಯಲ್ಲಿ ತೇಲುವ ಅನಿಲ. ಅಲ್ಲಿಯ ಚಳಿಗೆ ಅದೂ ಗಟ್ಟಿಯಾಗಿ ಹಿಮವಾಗುತ್ತದೆ.

ಕಳೆದ ವಾರ ಚಿಕ್ಕಮ್ಮ ಹಲ್ಲುಜ್ಜುತ್ತಾ, ಬಾಯಿತುಂಬ ನೊರೆ ಇಟ್ಟುಕೊಂಡೇ, “ಸಿಕ್ಕಿರಬಹುದು ಅಕ್ಕಾ!” ಎಂದು ಕೂಗಿದ್ದಳು. ಸುದ್ದಿ ಶಾಲೆ ಮುಟ್ಟುವಷ್ಟರಲ್ಲಿ ಆ ‘ಬಹುದು’ ದಾರಿಯಲ್ಲೆಲ್ಲೋ ಉದುರಿಹೋಗಿತ್ತು.

ನಾಳೆ ಸೋಮವಾರ. ಅಸೆಂಬ್ಲಿಯಲ್ಲಿ ಹೆಡ್‌ಮಿಸ್ ರೇಡಿಯೋ ಕೈಗೆ ಮೈಕ್ ಕೊಡುತ್ತಾರೆ. ಡ್ರಾಯಿಂಗ್ ಟೀಚರಂತೂ ಚಾರ್ಟಿನ ಮೇಲೆ ಕುಬ್ಜಗ್ರಹ ಬರೆದು, ಹತ್ತಿ ಅಂಟಿಸಿ, ಹಿಮವನ್ನೂ ಸುರಿಸಿಬಿಟ್ಟಿದ್ದರು. ಕ್ಲಾಸಿನಲ್ಲಿ ಲಾಯರ್ ಎಂದು ಹೆಸರಾದ ಹುಡುಗನೊಬ್ಬನಿದ್ದ. ಅಡ್ಡಪ್ರಶ್ನೆ ಕೇಳದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. “ಸುಳ್ಳಾದ್ರೆ ನಿನ್ನ ಹೆಸರು ರೇಡಿಯೋ ಅಲ್ಲ, ಬುರುಡೆ,” ಎಂದು ಅವನು ಆಗಲೇ ತೀರ್ಪು ಕೊಟ್ಟಿದ್ದ.

“ಹೋಗ್ಲಿ, ಹಿಮದ ಫೋಟೋನಾದ್ರೂ ಕೊಡು,” ಎಂದಳು ರೇಡಿಯೋ.

“ಇದೇ ಫೋಟೋ.”

ಸ್ಕ್ರೀನಿನ ಮೇಲೆ ಒಂದು ಅಂಕುಡೊಂಕು ಕೆಂಪು ಗೆರೆ. ನಡುವೆ ಒಂದು ಕಡೆ ಗೆರೆ ಕೆಳಗಿಳಿದು ಗುಂಡಿ ಬಿದ್ದಿತ್ತು.

“ಇದಾ? ತಾತನಿಗೆ ಆಸ್ಪತ್ರೇಲಿ ಎದೆ ನೋಡಿ ಕೊಟ್ಟಿದ್ರಲ್ಲ, ಆ ಕಾಗದದ ಥರ ಇದೆ!”

“ಆ ಕುಬ್ಜಗ್ರಹದ ಮೇಲೆ ಬಿದ್ದ ಬಿಸಿಲಲ್ಲಿ ಒಂಚೂರು ವಾಪಸ್ ನಮ್ಮ ಕಡೆ ಬರುತ್ತೆ. ಅದರಲ್ಲಿ ಯಾವ ಬಣ್ಣ ಕಮ್ಮಿ ಆಗಿದೆ ಅಂತ ನೋಡೋದು. ಮೀಥೇನ್ ಕೆಲವೇ ಬಣ್ಣ ನುಂಗುತ್ತೆ, ಅದೂ ನಮ್ಮ ಕಣ್ಣಿಗೆ ಕಾಣದವು. ಈ ಗುಂಡಿ ಇದೆಯಲ್ಲ, ಇದು ನುಂಗಿದ ಗುರುತು.”

“ಮತ್ತಿನ್ನೇನು? ಕಳ್ಳ ಸಿಕ್ಕಿಬಿದ್ದ!”

“ಕಳ್ಳರು ಇಬ್ಬರಿದ್ದಾರೆ ಮಹರಾಯ್ತಿ. ನಮ್ಮ ಗಾಳೀಲೂ ಮೀಥೇನ್ ಇದೆ. ಕಸದ ಗುಡ್ಡೆಯಿಂದ ಬರುತ್ತೆ, ದನ ತೇಗಿದ್ರೂ ಬರುತ್ತೆ. ಬೆಳಕು ಈ ಗಾಳಿ ದಾಟಿಯೇ ಟೆಲಿಸ್ಕೋಪಿಗೆ ಬೀಳಬೇಕು.”

“ಊಟದ ಮೇಜಿನ ಹತ್ರ ತೇಗು ಗೀಗು ಬೇಡ,” ಎಂದಳು ಅಡುಗೆಮನೆಯಿಂದ ಅಮ್ಮ.

ಕಳ್ಳ ಯಾರೆಂದು ಹಿಡಿಯಲು ಒಂದು ಉಪಾಯವಿತ್ತು. ಆಕಾಶದಲ್ಲಿ ಆ ಕುಬ್ಜಗ್ರಹದ ಪಕ್ಕದಲ್ಲೇ ಕಾಣುವ ಒಂದು ಸಾಧಾರಣ ನಕ್ಷತ್ರವನ್ನೂ ನೋಡುವುದು. ಅದರಲ್ಲಿ ಮೀಥೇನ್ ಇಲ್ಲ. ಆದರೆ ಅದರ ಬೆಳಕೂ ಇದೇ ಗಾಳಿ ದಾಟಿ ಬರುತ್ತದೆ. ಅಲ್ಲೂ ಇಷ್ಟೇ ಗುಂಡಿ ಬಿದ್ದಿದ್ದರೆ ನುಂಗಿದ್ದು ಹಿಮವಲ್ಲ, ನಮ್ಮ ಗಾಳಿ. ಕಳೆದ ವಾರ ಚಿಕ್ಕಮ್ಮ ಆಕಾಶದಲ್ಲಿ ಸ್ವಲ್ಪ ದೂರ ಕಾಣುವ ನಕ್ಷತ್ರವೊಂದನ್ನು ಇಟ್ಟುಕೊಂಡು ಲೆಕ್ಕ ಹಾಕಿದ್ದಳು; ಅದರ ಬೆಳಕು ದಾಟಿದ್ದು ಬೇರೆ ಕಡೆಯ ಗಾಳಿ, ಗುಂಡಿಯೂ ಚಿಕ್ಕದಾಗಿ ಕಂಡಿತ್ತು. ಪಕ್ಕದ್ದರ ಅಳತೆ ಈ ಮಧ್ಯಾಹ್ನವಷ್ಟೇ ಬಂದಿತ್ತು.

“ಅದನ್ನ ನಾಳೆ ಸಂಜೆ ನೋಡು,” ಎಂದಳು ರೇಡಿಯೋ. “ಅಸೆಂಬ್ಲಿ ಮುಗೀಲಿ.”

ಚಿಕ್ಕಮ್ಮ ಗೊಳ್ಳೆಂದು ನಕ್ಕಳು. “ನೀನು ಮುಂದೆ ಭಾರೀ ದೊಡ್ಡ ಹುದ್ದೆಗೆ ಹೋಗ್ತೀಯ ಬಿಡು.” ನಗುತ್ತಲೇ ಲ್ಯಾಪ್‌ಟಾಪಿನ ಕೀ ಒತ್ತಿದಳು.

ಕೆಂಪು ಗೆರೆಯ ಮೇಲೆ ನೀಲಿ ಗೆರೆ ಬಂತು. ಗುಂಡಿಯ ಮೇಲೆ ಗುಂಡಿ, ಡಬ್ಬಿಗೆ ಮುಚ್ಚಳ ಕೂತಂತೆ ಕೂತಿತು. ಗಾಳಿಯ ಪಾಲನ್ನು ತೆಗೆದುಹಾಕಿದ ಮೇಲೆ ಉಳಿದದ್ದು ಒಂದು ನೆಟ್ಟನೆಯ ಗೆರೆ.

ಚಿಕ್ಕಮ್ಮ ಕನ್ನಡಕ ತೆಗೆದು ಒರೆಸಿದಳು. ಒರೆಸಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದಳು. ಆಮೇಲೆ ಇಡೀ ಲೆಕ್ಕವನ್ನು ಇನ್ನೊಂದು ದಾರಿಯಲ್ಲಿ ಮೊದಲಿಂದ ಮಾಡಿದಳು. ಮತ್ತೆ ಅದೇ ನೆಟ್ಟನೆಯ ಗೆರೆ. ಆಗ ಜೊತೆಗೆ ಕೆಲಸ ಮಾಡುವವನಿಗೆ ಫೋನ್ ಹಚ್ಚಿದಳು.

“ನಮ್ಮ ಹಿಮ ಸತ್ತುಹೋಯ್ತು ಕಣೋ... ಹೂಂ, ಪಕ್ಕದ ನಕ್ಷತ್ರವೇ ಸಾಕ್ಷಿ ಹೇಳ್ತು... ಹೌದಪ್ಪಾ, ದನದ ತೇಗೇ! ಪುಣ್ಯಕ್ಕೆ ಇನ್ನೂ ಯಾರಿಗೂ ಬರೆದು ಕಳಿಸಿರಲಿಲ್ಲ.” ಮಾತಿನಲ್ಲಿ ನಗು ಇತ್ತು. ಊಟ ಮಾತ್ರ ತಟ್ಟೆಯಲ್ಲೇ ಅರ್ಧ ಉಳಿಯಿತು.

“ಹಾಗಾದ್ರೆ ಅಲ್ಲಿ ಹಿಮ ಇಲ್ವಾ?”

“ಅದೂ ಗೊತ್ತಿಲ್ಲ. ಇದ್ರೂ ಇರಬಹುದು. ನಾನು ನೋಡಿದ್ದು ಅದನ್ನಲ್ಲ, ಅಷ್ಟೇ. ಮತ್ತೆ ಸರದಿ ಕೇಳಬೇಕು.”

ರೇಡಿಯೋಗೆ ಅಳು ಬಂತು. ಸಿಟ್ಟೂ ಬಂತು. “ನೀನು ಆ ನಕ್ಷತ್ರ ನೋಡದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ!”

“ಹ್ಞೂಂ,” ಎಂದಳು ಚಿಕ್ಕಮ್ಮ. “ನನಗೂ ಗೊತ್ತಾಗ್ತಿರಲಿಲ್ಲ. ಅದೇ ಭಯ.”

ಮರುದಿನ ಬೆಳಿಗ್ಗೆ ರೇಡಿಯೋಗೆ ಹೊಟ್ಟೆನೋವು. ಅಮ್ಮ ಹಣೆ ಮುಟ್ಟಿ, ಹೊಟ್ಟೆ ಒತ್ತಿ, ಕೊನೆಗೆ ಬ್ಯಾಗನ್ನು ಹೆಗಲಿಗೆ ಏರಿಸಿದಳು.

ಅಸೆಂಬ್ಲಿಯಲ್ಲಿ ರೇಡಿಯೋ ಮೈಕ್ ಹಿಡಿದಳು. “ಚಿಕ್ಕಮ್ಮನಿಗೆ ಹಿಮ ಸಿಕ್ಕಿದೆ ಅಂತ ನಾನು ಹೇಳಿದ್ದೆ. ಸಿಕ್ಕಿಲ್ಲ. ಅದು ನಮ್ಮ ಗಾಳೀಲಿರೋ ಮೀಥೇನ್. ಅದು... ಕಸದಿಂದ ಬರುತ್ತೆ. ದನದ ತೇಗಿಂದಾನೂ.”

ಹಿಂದಿನ ಸಾಲಿನಿಂದ ಯಾರೋ “ಅಂಬಾ” ಎಂದರು. ಮೈದಾನಕ್ಕೆ ಮೈದಾನವೇ ನಕ್ಕಿತು. ಡ್ರಾಯಿಂಗ್ ಟೀಚರ್ ತಾವು ಅಂಟಿಸಿದ ಹತ್ತಿಯನ್ನು ನೋಡುತ್ತಾ ನಿಂತರು.

ಲಾಯರ್ ಕೈ ಎತ್ತಿದ. ‘ಬುರುಡೆ’ ಬಂತು ಎಂದುಕೊಂಡಳು ರೇಡಿಯೋ.

“ಅದು ತಪ್ಪು ಅಂತ ಹಿಡಿದಿದ್ದು ಯಾರು? ಬೇರೆ ದೇಶದ ವಿಜ್ಞಾನಿನಾ?”

“ಯಾರೂ ಅಲ್ಲ. ಚಿಕ್ಕಮ್ಮನೇ.”

“ಎರಡು ವರ್ಷ ಕಾದಿದ್ರು ಅಂದಿದ್ಯಲ್ಲ?”

“ಹೂಂ.”

“ಅವರೇ ಹುಡುಕಿ, ಅವರೇ ಅಲ್ಲ ಅಂದ್ರಾ?”

“ಹೂಂ. ಎರಡು ಸಲ ಲೆಕ್ಕ ಮಾಡಿ.”

ಲಾಯರ್ ಕೈ ನಿಧಾನವಾಗಿ ಕೆಳಗಿಳಿಯಿತು. ರೇಡಿಯೋ ಮೈಕನ್ನು ಹೆಡ್‌ಮಿಸ್ ಕೈಗೆ ಕೊಟ್ಟು ಬಂದು ಸಾಲಿನಲ್ಲಿ ನಿಂತಳು.

“ಏ,” ಎಂದು ಲಾಯರ್ ಹಿಂದಿನಿಂದ ಪಿಸುಗುಟ್ಟಿದ. “ನಿಮ್ಮ ಚಿಕ್ಕಮ್ಮನ್ನ ಒಂದಿನ ನಮ್ಮ ಕ್ಲಾಸಿಗೆ ಕರ್ಕೊಂಡ್ ಬಾರೇ. ಕೇಳೋದು ತುಂಬಾ ಇದೆ. ಬರ್ತಾರಾ?”

‘ಬಂದೇ ಬರ್ತಾಳೆ’ ಎಂಬ ಮಾತು ನಾಲಿಗೆಯ ತುದಿವರೆಗೆ ಬಂದಿತ್ತು. ರೇಡಿಯೋ ಬಾಯಿ ಮುಚ್ಚಿಕೊಂಡಳು.

“ಕೇಳಿ ಹೇಳ್ತೀನಿ,” ಎಂದಳು.